ಕುಮಟೆಯ ಉಪ್ಪುಗಾಳಿಯಲ್ಲಿ ಒಂದು ಜೊತೆ ಸ್ಪೀಕರ್

ಕುಮಟೆ, ಹೊನ್ನಾವರದ ಕಡೆ ಈಗ ಕಟ್ಟುವ ಮನೆಗಳಲ್ಲಿ ಗೋಡೆ ಚಿರೇಕಲ್ಲಿನದು, ಅದಕ್ಕೆ ಸಿಮೆಂಟಿನ ಗಿಲಾವು, ತಲೆಯ ಮೇಲೆ ಕಾಂಕ್ರೀಟ್ ಸ್ಲ್ಯಾಬ್, ಕಾಲ ಕೆಳಗೆ ಹೊಳಪಿನ ಟೈಲ್ಸ್. ಮಳೆಗೂ ಗೆದ್ದಲಿಗೂ ಇದು ಒಳ್ಳೆಯ ಉತ್ತರ. ಸಂಗೀತ ಕೇಳುವುದಕ್ಕೆ ಮಾತ್ರ ಇದಕ್ಕಿಂತ ಹಠಮಾರಿ ಕೋಣೆ ಸಿಗುವುದು ಕಷ್ಟ. ನಾನು ಕೇಳ್ಮೆಗೆಂದೇ ತೆಗೆದಿಟ್ಟ ಕೋಣೆಯೂ ಇಂಥದ್ದೇ: ಉದ್ದ 16 ಅಡಿ, ಅಗಲ 12, ಎತ್ತರ 10. ಲಕ್ಷಗಟ್ಟಲೆ ಬೆಲೆಯ ಸ್ಪೀಕರುಗಳ ಕುರಿತ ಬರಹವನ್ನು ಗೋಡೆಯ ಅಳತೆಯಿಂದ ಆರಂಭಿಸಿದರೆ ಕೆಲವರಿಗೆ ನಿರಾಸೆಯಾದೀತು. ಆದರೆ ಕೋಣೆಯನ್ನು ಅಳೆಯದೆ ಸ್ಪೀಕರ್ ಆರಿಸುವವರು ಅರ್ಧ ಸ್ಪೀಕರನ್ನು ಮಾತ್ರ ಆರಿಸಿರುತ್ತಾರೆ. ಉಳಿದರ್ಧವನ್ನು ಮೇಸ್ತ್ರಿ ಮೊದಲೇ ಕಟ್ಟಿಟ್ಟಿರುತ್ತಾನೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೇಸ್ ಸೇಬಿನ್ 1890ರ ದಶಕದಲ್ಲಿ ಈ ವಿಷಯವನ್ನು ಲೆಕ್ಕಕ್ಕೆ ತಂದವನು. ಫಾಗ್ ಮ್ಯೂಸಿಯಮ್ಮಿನ ಉಪನ್ಯಾಸ ಸಭಾಂಗಣದಲ್ಲಿ ಮಾತು ಅರ್ಥವಾಗದಷ್ಟು ಗುಂಯ್‌ಗುಡುತ್ತಿತ್ತು. ಆತ ಇನ್ನೊಂದು ರಂಗಮಂದಿರದ ಕುರ್ಚಿಯ ಮೆತ್ತೆಗಳನ್ನು ರಾತ್ರಿ ಹೊತ್ತಿನಲ್ಲಿ ತರಿಸಿ, ಹಾಸಿ, ಆರ್ಗನ್ ಕೊಳವೆಯೊಂದನ್ನು ಊದಿಸಿ ನಿಲ್ಲಿಸಿ, ನಾದ ಕಿವಿಗೆ ಇಲ್ಲವಾಗಲು ಎಷ್ಟು ಹೊತ್ತು ಬೇಕೆಂದು ಅಳೆದ. ಹಾಗೆ ಹುಟ್ಟಿದ ಸೂತ್ರ ಸರಳವಾದದ್ದು: ಘನಮೀಟರಿನಲ್ಲಿ ಕೋಣೆಯ ಅಳತೆಯನ್ನು 0.161ರಿಂದ ಗುಣಿಸಿ, ಒಟ್ಟು ಹೀರುವಿಕೆಯಿಂದ ಭಾಗಿಸಿದರೆ ಅನುರಣನದ ಅವಧಿ, ಅಂದರೆ ಸದ್ದು ನಿಲ್ಲಿಸಿದ ಮೇಲೂ ಅದು ಕೋಣೆಯಲ್ಲಿ ಉಳಿಯುವ ಹೊತ್ತು, ಸೆಕೆಂಡಿನಲ್ಲಿ ಸಿಗುತ್ತದೆ. ನನ್ನ ಕೋಣೆ ಸುಮಾರು 54 ಘನಮೀಟರ್. ಎಲ್ಲ ಮೈಗಳೂ ಗಿಲಾವಿನಷ್ಟೇ ಗಟ್ಟಿ, ಸಾಮಾನು ಒಂದೂ ಇಲ್ಲ ಎಂದಿಟ್ಟುಕೊಂಡರೆ ಲೆಕ್ಕ 3 ಸೆಕೆಂಡಿನ ಆಚೆ ಹೋಗುತ್ತದೆ. ಮನೆಯಲ್ಲಿ ಸಂಗೀತ ಕೇಳಲು ಅರ್ಧ ಸೆಕೆಂಡಿನ ಆಸುಪಾಸು ಸಾಕು. ಮೂರು ಸೆಕೆಂಡಿನ ಕೋಣೆಯಲ್ಲಿ ದ್ರುತ್ ಲಯದ ತಾನ್ ಒಂದರ ಮೇಲೊಂದು ಬಿದ್ದು ರಾಶಿಯಾಗುತ್ತದೆ. ಅಲ್ಲಿ ಸ್ಪೀಕರ್ ಯಾರದ್ದಾದರೂ ಒಂದೇ.

ಸೇಬಿನ್ ಹೀರುವಿಕೆಯನ್ನು ಅಳೆಯಲು ಇಟ್ಟುಕೊಂಡ ಮಾನ ತೆರೆದ ಕಿಟಕಿ. ಕಿಟಕಿಯಿಂದ ಹೊರಗೆ ಹೋದ ಸದ್ದು ಮರಳಿ ಬರುವುದಿಲ್ಲವಾದ್ದರಿಂದ ಅದು ಪರಿಪೂರ್ಣ ಹೀರುಗ. ಕರಾವಳಿಯವರಿಗೆ ಇದು ಸಂತೋಷದ ಸಂಗತಿಯಾಗಬೇಕಿತ್ತು, ಏಕೆಂದರೆ ಇಲ್ಲಿ ಕಿಟಕಿ ಮುಚ್ಚಿ ಕೂರುವವರೇ ಕಡಿಮೆ. ನನ್ನ ಕೋಣೆಯ ಎರಡು ಕಿಟಕಿಗಳನ್ನು ಪೂರ್ತಿ ತೆರೆದರೆ ಬರಿಗೋಡೆಯ ಲೆಕ್ಕ ಅರ್ಧಕ್ಕಿಳಿಯುತ್ತದೆ. ಆದರೆ ಹೊರಗೆ ಹೋಗುವ ದಾರಿಯಲ್ಲೇ ಒಳಗೂ ಬರುತ್ತದೆ: ಹೆದ್ದಾರಿಯ ಲಾರಿ, ಕೊಂಕಣ ರೈಲು, ಮುಸ್ಸಂಜೆಯ ನಂತರ ಜೀರುಂಡೆ. ಮುಚ್ಚಿದರೆ ಮೇ ತಿಂಗಳಿನಲ್ಲಿ ಫ್ಯಾನ್ ಬೇಕು, ಫ್ಯಾನಿನ ಸದ್ದು ತಂಬೂರಿಯ ಬಾಲವನ್ನು ನುಂಗುತ್ತದೆ. ಆದ್ದರಿಂದ ಸ್ಪೀಕರಿನ ಬಜೆಟ್ಟಿನಲ್ಲಿ ಸದ್ದು ಕಡಿಮೆ ಇರುವ ಇನ್ವರ್ಟರ್ ಎ.ಸಿ.ಯೊಂದನ್ನು ಮೊದಲ ಸಾಲಿನಲ್ಲೇ ಬರೆದುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಅದು ತೇವವನ್ನೂ ತೆಗೆಯುತ್ತದೆ. ಅದರ ಮಾತು ಮುಂದೆ ಬರುತ್ತದೆ. ಹೀರುವಿಕೆಗೆ ಒಂದು ಗೋಡೆಯುದ್ದಕ್ಕೂ ಪುಸ್ತಕದ ಕಪಾಟು, ನೆಲಕ್ಕೆ ದಪ್ಪ ಜಮಖಾನೆ, ಕೂರಲು ಹತ್ತಿಯ ಗಾದಿ, ಹಿಂಬದಿಯ ಗೋಡೆಗೆ ಖಾದಿ ಬಟ್ಟೆ ಹೊದಿಸಿದ ನಾಲ್ಕಿಂಚಿನ ಖನಿಜ ಉಣ್ಣೆಯ ಹಲಗೆಗಳು. ಹಲಗೆಗಳನ್ನು ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿದರೆ ಎರಡು ಲಾಭ: ಕೆಳಸ್ವರಗಳು ಇನ್ನಷ್ಟು ಹೀರಲ್ಪಡುತ್ತವೆ, ಆಷಾಢದಲ್ಲಿ ಹಿಂದೆ ಬೂಷ್ಟು ಹಿಡಿಯುವುದಿಲ್ಲ.

ಇನ್ನು ಮಂದ್ರದ ಸಮಸ್ಯೆ. ಎದುರುಬದುರಿನ ಎರಡು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಕೂರುವ ಕಂಪನದಲ್ಲಿ ಕೋಣೆ ತಾನೇ ಮೊಳಗತೊಡಗುತ್ತದೆ. ನನ್ನ ಉದ್ದ, ಅಗಲ, ಎತ್ತರಗಳಿಗೆ ಈ ಕಂಪನಗಳು ಸುಮಾರು 35, 47 ಮತ್ತು 57 ಹರ್ಟ್ಸ್. ಅವುಗಳ ಇಮ್ಮಡಿಯಾಗಿ ಉದ್ದಕ್ಕೆ 71, ಅಗಲಕ್ಕೆ 95. ಈಗ ಇದನ್ನು ಸಂಗೀತದ ಪಕ್ಕದಲ್ಲಿಡಬೇಕು. ಕಪ್ಪು ಒಂದರಲ್ಲಿ, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ, ಹಾಡುವ ಗಾಯಕನ ಷಡ್ಜ ಸುಮಾರು 139 ಹರ್ಟ್ಸ್, ಆತನ ತಂಬೂರಿಯ ಖರ್ಜದ (ಕೆಳಷಡ್ಜದ) ತಂತಿ 69. ಕಪ್ಪು ನಾಲ್ಕರಲ್ಲಿ ಹಾಡುವ ಗಾಯಕಿಯ ಖರ್ಜ 104ರ ಹತ್ತಿರ. ಅಂದರೆ ಗಂಡುಧ್ವನಿಯ ಖರ್ಜ ನನ್ನ ಕೋಣೆಯ 71ರ ಮೊಳಗಿಗೆ ತಗಲಿಕೊಂಡೇ ಕೂತಿದೆ. ತಂಬೂರಿಯ ನಾಲ್ಕನೆಯ ಮೀಟು ಮಾತ್ರ ಊದಿಕೊಂಡು ಕೇಳುವುದು, ತಬಲಾ ಜೋಡಿಯ ಡಗ್ಗಾದ ಮೀಂಡು ಒಂದು ಸ್ವರದಲ್ಲಿ ಗುಮ್ಮೆಂದು ಇನ್ನೊಂದರಲ್ಲಿ ಮಾಯವಾಗುವುದು ಇವೆಲ್ಲ ಧ್ವನಿಮುದ್ರಣದ ದೋಷವಲ್ಲ, ಕೋಣೆಯ ಜಾತಕ.

ಈ ಲೆಕ್ಕ ಕೈಯಲ್ಲಿದ್ದರೆ ಒಂದು ದೊಡ್ಡ ಆಸೆ ತಾನಾಗಿ ತಣ್ಣಗಾಗುತ್ತದೆ. ಎದೆಯೆತ್ತರದ, ಮೂರು ವೂಫರುಗಳ (ಕೆಳಸ್ವರದ ಘಟಕಗಳ), 28 ಹರ್ಟ್ಸ್‌ವರೆಗೆ ಇಳಿಯುತ್ತೇನೆಂದು ಪ್ರಕಟಿಸುವ ಗೋಪುರದಂಥ ಸ್ಪೀಕರುಗಳು ನೋಡಲು ಬಹಳ ಚೆನ್ನಾಗಿರುತ್ತವೆ, ಬೆಲೆಯ ಬಹುಪಾಲೂ ಆ ಕೊನೆಯ ಸಪ್ತಕಕ್ಕೇ ಹೋಗಿರುತ್ತದೆ. ಹಿಂದೂಸ್ತಾನಿ ಖಯಾಲಿನಲ್ಲಿ 65 ಹರ್ಟ್ಸ್‌ನ ಕೆಳಗೆ ಕೇಳುವಂಥದ್ದು ತೀರಾ ಕಡಿಮೆ. ಪಾಶ್ಚಾತ್ಯ ಆರ್ಗನ್, ಸಿನಿಮಾ, ಈಗಿನ ಎಲೆಕ್ಟ್ರಾನಿಕ್ ಸಂಗೀತ ಕೇಳುವವರ ಮಾತು ಬೇರೆ. ನಮ್ಮಂಥವರು ಆ ಸಪ್ತಕಕ್ಕೆ ಹಣ ಕೊಟ್ಟರೆ 35 ಮತ್ತು 47ರ ಮೊಳಗನ್ನು ಕೈಯಾರೆ ಕೊಂಡುತಂದ ಹಾಗೆ.

ಸ್ಪೀಕರ್ ಡಬ್ಬಿಗೆ ರಂಧ್ರವಿರಬೇಕೇ ಬೇಡವೇ ಎಂಬ ಪ್ರಶ್ನೆಯೂ ಇಲ್ಲೇ ಬರುತ್ತದೆ. 1954ರಲ್ಲಿ ಎಡ್ಗರ್ ವಿಲ್ಚರ್ ಅಮೆರಿಕದಲ್ಲಿ ಹೊರತಂದ ಎಆರ್-1 ಪೂರ್ತಿ ಮುಚ್ಚಿದ ಡಬ್ಬಿ. ಒಳಗೆ ಸಿಕ್ಕಿಬಿದ್ದ ಗಾಳಿಯೇ ಕಂಪಿಸಿ ಸದ್ದು ಹೊರಡಿಸುವ ಕೋನಿಗೆ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ. ರಂಧ್ರವಿರುವ ಡಬ್ಬಿ ಅದೇ ಗಾತ್ರದಲ್ಲಿ ಇನ್ನಷ್ಟು ಕೆಳಗಿಳಿಯುತ್ತದೆ, ಆದರೆ ಮಿತಿ ದಾಟಿದ ಮೇಲೆ ಸಪ್ತಕಕ್ಕೆ 24 ಡೆಸಿಬೆಲ್‌ನಂತೆ ಕುಸಿಯುತ್ತದೆ. ಮುಚ್ಚಿದ್ದು 12ರಂತೆ ನಿಧಾನ ಇಳಿಯುತ್ತದೆ. ಗಟ್ಟಿ ಗೋಡೆಯ ಚಿಕ್ಕ ಕೋಣೆ ಕೆಳಸ್ವರಗಳಿಗೆ ತಾನೇ ಬಲ ಕೊಡುವುದರಿಂದ ನಿಧಾನ ಇಳಿಯುವ ಡಬ್ಬಿಯ ಜೊತೆ ಅದು ಹೊಂದಿಕೊಳ್ಳುತ್ತದೆ. ಹಿಂಬದಿ ರಂಧ್ರದ ಸ್ಪೀಕರನ್ನು ಗೋಡೆಯಿಂದ ಸಾಕಷ್ಟು ಮುಂದೆ ತರಬೇಕಾಗುತ್ತದೆ. ಮುಂದೆ ತಂದರೆ ಗೋಡೆಗೆ ಬಡಿದು ಮರಳುವ ಅಲೆ ಇನ್ನೊಂದು ಗುಳಿ ತೋಡುತ್ತದೆ: 90 ಸೆಂಟಿಮೀಟರ್ ದೂರದಲ್ಲಿ 96 ಹರ್ಟ್ಸ್‌ನ ಸುತ್ತ, 60ರಲ್ಲಿ 144ರ ಸುತ್ತ. ಎರಡನೆಯದು ಗಂಡುಧ್ವನಿಯ ಷಡ್ಜದ ಪಕ್ಕದಲ್ಲೇ ಬೀಳುತ್ತದೆಂಬುದನ್ನು ಗಮನಿಸಬೇಕು.

ಶಿರಸಿಯ ಭಾವನ ಮನೆಯಲ್ಲಿ ಈ ಪುರಾಣ ಯಾವುದೂ ಇಲ್ಲ. ಅದು ಹಳೆಯ ಹಂಚಿನ ಮನೆ. ದಪ್ಪ ಮಣ್ಣಿನ ಗೋಡೆ, ಮೇಲೆ ಮರದ ಮುಚ್ಚಿಗೆ, ಅದರ ಮೇಲೆ ಅಡಿಕೆ ಚೀಲಗಳ ಅಟ್ಟ, ಒಂದು ಬದಿ ಜಗಲಿಗೆ ತೆರೆದೇ ಇರುತ್ತದೆ. ಮಂದ್ರದ ಅಲೆಗಳು ಮುಚ್ಚಿಗೆಯನ್ನೂ ಹಂಚನ್ನೂ ದಾಟಿ ತೋಟದ ಕಡೆ ಹೋಗಿಬಿಡುತ್ತವೆ, ತೊಲೆ ಜಂತಿಗಳು ಮೇಲಿನ ಸ್ವರಗಳನ್ನು ಚದುರಿಸುತ್ತವೆ. ನನ್ನ ಕೋಣೆಯಲ್ಲಿ ಗುಮ್ಮೆನ್ನುವ ಸ್ಪೀಕರ್ ಅಲ್ಲಿ ತೆಳ್ಳಗಾಗಿ ಕೇಳುತ್ತದೆ. ಒಂದೇ ಪೆಟ್ಟಿಗೆಯ ಬಗ್ಗೆ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಭಿನ್ನಾಭಿಪ್ರಾಯ ಬರಲು ದೇವಿಮನೆ ಘಾಟಿ ಇಳಿದರೆ ಸಾಕು, ಲಂಡನ್ನಿನ ವಿಮರ್ಶಕರವರೆಗೆ ಹೋಗಬೇಕಾಗಿಲ್ಲ.

ಮಂದ್ರವನ್ನು ಕೋಣೆಗೆ ಬಿಟ್ಟುಕೊಟ್ಟ ಮೇಲೆ ಸ್ಪೀಕರನ್ನು ಆರಿಸಬೇಕಾದದ್ದು ನಡುವಿನ ನಾಲ್ಕೈದು ಸಪ್ತಕಗಳಿಗಾಗಿ, ಮತ್ತು ಅದಕ್ಕೆ ತಂಬೂರಿಗಿಂತ ಕಟುವಾದ ಪರೀಕ್ಷಕ ಇನ್ನೊಬ್ಬನಿಲ್ಲ ಎಂಬುದೇ ನಾನು ಇಲ್ಲಿ ಮುಖ್ಯವಾಗಿ ಹೇಳಬೇಕಾದ ಮಾತು. ಸಿ. ವಿ. ರಾಮನ್ 1921ರಲ್ಲಿ ವೀಣೆ ಮತ್ತು ತಂಬೂರಿಯ ತಂತಿಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಒಂದು ವಿಚಿತ್ರವನ್ನು ತೋರಿಸಿಕೊಟ್ಟರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಒಂದು ಉಪಸ್ವರ (ಮೂಲಸ್ವರದ ಜೊತೆಗೇ ಕೇಳುವ ಮೇಲಿನ ಸ್ವರ) ಹುಟ್ಟಲೇಬಾರದೆಂದು ವಿಜ್ಞಾನಿಗಳಾದ ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್‌ರ ನಿಯಮ ಹೇಳುತ್ತದೆಯೋ, ಅಲ್ಲಿ ಮೀಟಿದರೂ ನಮ್ಮ ವಾದ್ಯಗಳಲ್ಲಿ ಆ ಉಪಸ್ವರ ಢಾಳಾಗಿ ಕೇಳುತ್ತದೆ. ಕಾರಣ ತಂತಿಯನ್ನು ಹೊರುವ ಕುದುರೆಯ ಬಾಗು ಮೈ. ತಂತಿ ಅದನ್ನು ಸವರುತ್ತ, ಬಿಡುತ್ತ ಕಂಪಿಸುತ್ತದೆ. ತಂಬೂರಿಯಲ್ಲಿ ಅದರ ಮೇಲೆ ನೂಲನ್ನು ಸರಿಸಿ ಜವಾರಿ (ಝೇಂಕಾರ) ತೆಗೆಯುವುದು ಈ ಸವರಿಕೆಯನ್ನು ಹದಗೊಳಿಸುವ ಕೆಲಸ. ಹಾಗಾಗಿ ತಂಬೂರಿಯ ಜೀವ ಅದರ ಮೂಲಸ್ವರದಲ್ಲಿಲ್ಲ. ಒಂದು ಸಾವಿರದಿಂದ ನಾಲ್ಕೈದು ಸಾವಿರ ಹರ್ಟ್ಸ್‌ವರೆಗೆ ಏರುತ್ತ ಇಳಿಯುತ್ತ ಸರಿಯುವ ಉಪಸ್ವರಗಳ ಪದರದಲ್ಲಿದೆ.

ಸಾಮಾನ್ಯ ಎರಡು ಘಟಕಗಳ ಸ್ಪೀಕರಿನಲ್ಲಿ ವೂಫರ್ ಕೆಲಸ ಬಿಟ್ಟು ಮೇಲುಸ್ವರಗಳ ಘಟಕವಾದ ಟ್ವೀಟರ್ ಹಿಡಿದುಕೊಳ್ಳುವ ಕ್ರಾಸ್‌ಓವರ್ ಇರುವುದು ಎರಡರಿಂದ ಮೂರೂವರೆ ಸಾವಿರದ ನಡುವೆ, ಅಂದರೆ ತಂಬೂರಿಯ ಜೀವ ಹರಿದಾಡುವ ಅದೇ ಜಾಗದಲ್ಲಿ, ನಮ್ಮ ಕಿವಿ ಅತ್ಯಂತ ಚುರುಕಾಗಿರುವ ಅದೇ ಸೀಮೆಯಲ್ಲಿ. ಸರಿಯುತ್ತಿರುವ ಉಪಸ್ವರ ಒಂದು ಘಟಕದಿಂದ ಇನ್ನೊಂದಕ್ಕೆ ದಾಟುವಾಗ ತಡವರಿಸಿದರೆ, ಬಣ್ಣ ಬದಲಿಸಿದರೆ, ಅಥವಾ ತಂತಿ ಒಂದು ಕಡೆ ಅದರ ಝೇಂಕಾರ ಇನ್ನೊಂದು ಕಡೆ ಕೇಳಿಸಿದರೆ, ಆ ಸ್ಪೀಕರನ್ನು ಅಲ್ಲಿಗೆ ಬಿಡಬಹುದು. ಅಂಗಡಿಯವರು ಹಾಕುವ ಗಿಟಾರ್, ಜಾಝ್ ತುಣುಕುಗಳಲ್ಲಿ ಈ ತಪ್ಪು ಅಡಗಿಕೊಳ್ಳುತ್ತದೆ. ಬೆಂಗಳೂರಿನ ಮಳಿಗೆಯೊಂದರಲ್ಲಿ ನಾನು ಗಾಯನ ಶುರುವಾಗುವ ಮೊದಲಿನ ಬರೀ ತಂಬೂರಿಯನ್ನೇ ಮತ್ತೆ ಮತ್ತೆ ಹಾಕಿಸಿದಾಗ ಮಾರಾಟದ ಹುಡುಗ ಮುದ್ರಣ ಕೆಟ್ಟಿದೆಯೇ ಎಂದು ಕೇಳಿದ. ವಜ್ರದ ಟ್ವೀಟರಿನ, ನನ್ನ ಬಜೆಟ್ಟಿನ ಹಲವು ಪಟ್ಟು ಬೆಲೆಯ ಜೋಡಿಯೊಂದು ಅಲ್ಲಿತ್ತು. ಅದರ ವಿವರಣೆ ಅಪಾರ, ಬೆರಳಿನ ಉಗುರು ತಂತಿಗೆ ತಾಗುವುದೂ ಕೇಳುತ್ತಿತ್ತು, ಆದರೆ ನಾಲ್ಕು ತಂತಿಗಳು ನಾಲ್ಕಾಗಿಯೇ ಉಳಿದವು. ತಂಬೂರಿ ಒಂದಾಗದ ಮೇಲೆ ವಿವರದಿಂದ ನನಗೇನೂ ಉಪಯೋಗವಿರಲಿಲ್ಲ.

ಮಾನವ ಧ್ವನಿಯನ್ನು ಅಳತೆಗೋಲಾಗಿ ಹಿಡಿದು ಸ್ಪೀಕರ್ ಕಟ್ಟಿದ ಪರಂಪರೆಯೊಂದಿದೆ, ಅದು ಬ್ರಿಟನ್ನಿನ ಬಿಬಿಸಿಯದು. ಅಲ್ಲಿನ ಎಂಜಿನಿಯರುಗಳು ಸ್ಟುಡಿಯೊದಲ್ಲಿ ಮಾತನಾಡುವವರನ್ನು ನೇರವಾಗಿ ಕೇಳಿ, ಪಕ್ಕದ ಕೋಣೆಯ ಸ್ಪೀಕರಿನಲ್ಲಿ ಅದೇ ಧ್ವನಿಯನ್ನು ಕೇಳಿ ಹೋಲಿಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಹೊರಾಂಗಣ ಪ್ರಸಾರದ ವ್ಯಾನುಗಳಿಗೆಂದು ಅವರು ರೂಪಿಸಿದ ಎಲ್‌ಎಸ್3/5ಎ ಒಂದು ಚಿಕ್ಕ ಮುಚ್ಚಿದ ಡಬ್ಬಿ; ಒಳಗೆ ಕೆಇಎಫ್ ಕಂಪನಿಯ ಬಿ110 ವೂಫರ್, ಟಿ27 ಟ್ವೀಟರ್, ಕ್ರಾಸ್‌ಓವರ್ 3,000 ಹರ್ಟ್ಸ್‌ನ ಹತ್ತಿರ. ರೋಜರ್ಸ್, ಸ್ಪೆಂಡರ್, ಹಾರ್ಬೆತ್ ಮುಂತಾದವರು ಪರವಾನಗಿ ಪಡೆದು ಅದನ್ನು ತಯಾರಿಸಿದರು. ಬಿಬಿಸಿಯಿಂದ ಹೊರಬಂದ ಡಡ್ಲಿ ಹಾರ್ವುಡ್ 1977ರಲ್ಲಿ ಹಾರ್ಬೆತ್ ಆರಂಭಿಸಿದ. ಕೋನಿಗೆ ಪಾಲಿಪ್ರೊಪಿಲೀನ್ ಬಳಸಿದ ಮೊದಲಿಗರಲ್ಲಿ ಆತನೂ ಒಬ್ಬ. ಈ ವಂಶದ ಸ್ಪೀಕರುಗಳು ಜೋರಾಗಿ ಹಾಡಲಾರವು, ಆಳಕ್ಕಿಳಿಯಲಾರವು. ಮಾತಿನ ವ್ಯಂಜನಗಳನ್ನೂ ತಂಬೂರಿಯ ಒಗ್ಗಟ್ಟನ್ನೂ ಮಾತ್ರ ಬಿಟ್ಟುಕೊಡುವುದಿಲ್ಲ.

ಕಿವಿಯ ತೀರ್ಪನ್ನು ಅಳತೆಯಿಂದ ಸರಿನೋಡುವ ದಾರಿಯೂ ಇದೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿದ್ದ ಫ್ಲಾಯ್ಡ್ ಟೂಲ್, ಸ್ಪೀಕರುಗಳನ್ನು ಪರದೆಯ ಹಿಂದಿಟ್ಟು ಕೇಳಿಸಿ, ಜನ ಮೆಚ್ಚುವುದು ಯಾವುದನ್ನೆಂದು ದೀರ್ಘಕಾಲ ಅಭ್ಯಾಸ ಮಾಡಿದರು. ನೇರ ಎದುರಿನಲ್ಲಿ ಸಮನಾಗಿದ್ದು, ಪಕ್ಕಕ್ಕೆ ಹೊರಳಿದಂತೆ ನುಣುಪಾಗಿ ತಗ್ಗುವ ಸ್ಪೀಕರುಗಳೇ ಹೆಚ್ಚಾಗಿ ಗೆದ್ದವು. ಪಕ್ಕಕ್ಕೆ ಹೋದ ಸದ್ದೂ ಗೋಡೆಗೆ ಬಡಿದು ಕಿವಿಗೇ ಬರುತ್ತದಷ್ಟೆ. ಇದರ ಮೇಲೆ ನಿಂತ, 2013ರ ಅಮೆರಿಕನ್ ಮಾನದಂಡವೊಂದು ಸ್ಪೀಕರಿನ ಸುತ್ತ 70 ಕೋನಗಳಲ್ಲಿ ಅಳೆಯಲು ಹೇಳುತ್ತದೆ. ಕುಮಟೆಯಲ್ಲಿ ಕೂತು, ಕೇಳಿ ನೋಡಲು ಸಿಗದ ಸ್ಪೀಕರುಗಳ ಬಗ್ಗೆ ತೀರ್ಮಾನಿಸಬೇಕಾದವನಿಗೆ ಆ ರೇಖಾಚಿತ್ರಗಳು ವಿಮರ್ಶಕರ ವಿಶೇಷಣಗಳಿಗಿಂತ ಹೆಚ್ಚು ಉಪಕಾರಿ. ಅವು ಕೋಣೆಯ ಸುಮಾರು 190 ಹರ್ಟ್ಸ್‌ನ ಮೇಲಿನ ಸಂಗತಿಯನ್ನು ಹೇಳಬಲ್ಲವು. ಅದರ ಕೆಳಗೆ, ಮೊದಲೇ ಹೇಳಿದಂತೆ, ಗೋಡೆಗಳ ರಾಜ್ಯ.

ಇನ್ನು ಉಪ್ಪು ಮತ್ತು ತೇವ. ಯುರೋಪಿನ ಒಣ ಕೋಣೆಗಳಲ್ಲಿ ಬರೆದ ವಿಮರ್ಶೆಗಳು ಈ ವಿಷಯದಲ್ಲಿ ಮೌನವಾಗಿರುತ್ತವೆ, ನಮಗೆ ಮಾತ್ರ ಇದು ಧ್ವನಿಗಿಂತ ಮೊದಲಿನ ಜರಡಿ. ಕೋನಿನ ಅಂಚಿಗೆ ಪಾಲಿಯುರೆಥೇನ್ ಫೋಮ್ ಬಳಸಿದ ಸ್ಪೀಕರುಗಳನ್ನು, ಅವು ಎಷ್ಟೇ ಹೆಸರುವಾಸಿಯಾಗಿರಲಿ, ಸೆಕೆಂಡ್ ಹ್ಯಾಂಡ್ ಆಗಿ ಎಷ್ಟೇ ಅಗ್ಗವಾಗಿ ಸಿಗಲಿ, ಸಮುದ್ರದ ಹತ್ತಿರದವರು ಮುಟ್ಟಬಾರದು; ತೇವದ ಗಾಳಿಯಲ್ಲಿ ಆ ಫೋಮ್ ರಾಸಾಯನಿಕವಾಗಿಯೇ ಒಡೆದು, ಬೆರಳು ತಾಗಿಸಿದರೆ ಪುಡಿಯಾಗಿ ಉದುರುತ್ತದೆ. ರಬ್ಬರ್ ಅಂಚು ಬಾಳುತ್ತದೆ. ಲೇಪನವಿಲ್ಲದ ಕಾಗದದ ಕೋನ್ ತೇವ ಹೀರಿ ಭಾರವಾಗುತ್ತದೆ, ಪಾಲಿಪ್ರೊಪಿಲೀನ್ ಹೀರುವುದಿಲ್ಲ. ರಿಬ್ಬನ್ ಟ್ವೀಟರಿನ ತೆಳು ಅಲ್ಯೂಮಿನಿಯಂ ಹಾಳೆಯನ್ನು ಉಪ್ಪುಗಾಳಿಗೆ ಒಡ್ಡಲು ನನಗೆ ಧೈರ್ಯವಿಲ್ಲ. 1957ರಲ್ಲಿ ಪೀಟರ್ ವಾಕರ್ ಹೊರತಂದ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್, ಧ್ವನಿಯ ಪಾರದರ್ಶಕತೆಯಲ್ಲಿ ಈಗಲೂ ಹೆಸರು ಹೇಳಿಸಿಕೊಳ್ಳುವ ಯಂತ್ರ. ಆದರೆ ತೆಳು ಪೊರೆಯ ಮೇಲೆ ಸಾವಿರಾರು ವೋಲ್ಟ್ ಕೂರಿಸಿ ಕೆಲಸ ಮಾಡುವ ಆ ವಿಧಾನಕ್ಕೂ ಜುಲೈ ತಿಂಗಳ ಕರಾವಳಿಗೂ ಆಗಿಬರುವುದಿಲ್ಲ: ಧೂಳು, ತೇವ ಸೇರಿದಲ್ಲಿ ವಿದ್ಯುತ್ ಸೋರುತ್ತದೆ, ಕಿಡಿ ಹಾರುತ್ತದೆ. ಆಂಪ್ಲಿಫೈಯರ್ ಒಳಗೇ ಇರುವ ಆ್ಯಕ್ಟಿವ್ ಸ್ಪೀಕರುಗಳು ತಾಂತ್ರಿಕವಾಗಿ ಮುಂದಿರಬಹುದು; ವೋಲ್ಟೇಜ್ ಏರಿಳಿಯುವ, ಏಪ್ರಿಲ್-ಮೇ ತಿಂಗಳಲ್ಲಿ ಸಿಡಿಲು ಬಡಿಯುವ ಊರಿನಲ್ಲಿ ಎಲ್ಲ ಮೊಟ್ಟೆಗಳನ್ನು ಒಂದೇ ಬುಟ್ಟಿಯಲ್ಲಿಡುವುದು ಬೇಡವೆನಿಸಿತು. ಬೇರೆಯಾಗಿ ಇಟ್ಟ ಆಂಪ್ಲಿಫೈಯರ್ ಸುಟ್ಟರೆ ಹುಬ್ಬಳ್ಳಿಯವರೆಗೆ ಒಯ್ದು ರಿಪೇರಿ ಮಾಡಿಸಬಹುದು.

ಹೀಗೆ ಜರಡಿ ಹಿಡಿದ ಮೇಲೆ ಉಳಿದದ್ದು ಕೆಲವೇ ಹೆಸರುಗಳು. ನಾನು ತಂದದ್ದು ಹಾರ್ಬೆತ್ ಪಿ3ಇಎಸ್ಆರ್: ಎಲ್‌ಎಸ್3/5ಎಯ ಗಾತ್ರದ ಮುಚ್ಚಿದ ಡಬ್ಬಿ, ಪ್ಲಾಸ್ಟಿಕ್ ಕೋನ್, ರಬ್ಬರ್ ಅಂಚು. ಇದರ ಸಂವೇದನೆ, ಅಂದರೆ ಒಂದು ವ್ಯಾಟಿಗೆ ಹೊಮ್ಮುವ ಸದ್ದು, ಒಂದು ಮೀಟರಿನಲ್ಲಿ ಸುಮಾರು 83 ಡೆಸಿಬೆಲ್, ಅಂದರೆ ಸೋಮಾರಿ ಸ್ಪೀಕರ್. 50 ವ್ಯಾಟ್ ಕೊಟ್ಟರೆ ಒಂದು ಮೀಟರಿನಲ್ಲಿ 100, ನಾನು ಕೂರುವ ಎರಡೂವರೆ ಮೀಟರಿನಲ್ಲಿ ಜೋಡಿ ಸೇರಿ 95ರ ಹತ್ತಿರ. ಖಯಾಲಿಗೆ ಇದು ಬೇಕಾದಷ್ಟು. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಮುದ್ರಣಗಳಲ್ಲಿ ಉಸಿರು ತೆಗೆದುಕೊಳ್ಳುವ ಜಾಗ ಯಾವುದು, ಸ್ವರಕ್ಕೆ ತಾಗಿ ಬಿಡುವ ಜಾಗ ಯಾವುದು ಎಂಬುದು ಸಣ್ಣ ಧ್ವನಿಯಲ್ಲೇ ತಿಳಿಯುತ್ತದೆ. ಜೋರಿನ ಅಗತ್ಯವೇ ಬೀಳುವುದಿಲ್ಲ, ಮಳೆ ಹೊಯ್ಯುವ ರಾತ್ರಿಗಳನ್ನು ಬಿಟ್ಟರೆ. ಆ ರಾತ್ರಿಗಳಲ್ಲಿ ಕಿಟಕಿಯ ಮೇಲಿನ ತಗಡಿನ ಸದ್ದನ್ನು ಸೋಲಿಸಲು ಯಾವ ಸ್ಪೀಕರಿನಿಂದಲೂ ಆಗದು, ಸೋಲಿಸಿದರೆ ಅದು ಸಂಗೀತವಾಗಿ ಉಳಿಯದು.

ಒಂದು ಸಂಗತಿಯನ್ನು ಯಾವ ಕೈಪಿಡಿಯೂ ಹೇಳಿರಲಿಲ್ಲ. ಸ್ಪೀಕರ್ ಸ್ಟ್ಯಾಂಡುಗಳು ಸೋಫಾದವರಿಗಾಗಿ ಮಾಡಿದವು. ಅವುಗಳ ಮೇಲೆ ಟ್ವೀಟರ್ ನೆಲದಿಂದ 85ರಿಂದ 90 ಸೆಂಟಿಮೀಟರ್ ಎತ್ತರಕ್ಕೆ ಬರುತ್ತದೆ. ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವನ ಕಿವಿ 75ರಲ್ಲಿರುತ್ತದೆ. ಒಂದರ ಮೇಲೊಂದು ಕೂತ ಎರಡು ಘಟಕಗಳ ಸದ್ದು, ರೇಖೆ ತಪ್ಪಿದ ಕಿವಿಗೆ ಹೊತ್ತು ತಪ್ಪಿ ತಲುಪಿ, ಕ್ರಾಸ್‌ಓವರಿನ ಜಾಗದಲ್ಲೇ ಪರಸ್ಪರ ಕಳೆದುಕೊಳ್ಳುತ್ತದೆ. ಮೊದಲ ವಾರ ತಂಬೂರಿ ಅಂಗಡಿಯಲ್ಲಿ ಕೇಳಿದಷ್ಟು ಕೂಡಿ ಬರದಿದ್ದುದಕ್ಕೆ ಇದೇ ಕಾರಣ. ಊರಿನ ಬಡಗಿಯಿಂದ ಹಲಸಿನ ಮರದಲ್ಲಿ ಗಿಡ್ಡ ಸ್ಟ್ಯಾಂಡ್ ಮಾಡಿಸಿ, ಕಾಲುಗಳಿಗೆ ಗೆದ್ದಲಿನ ಎಣ್ಣೆ ಬಳಿದು ನಿಲ್ಲಿಸಿದ ಮೇಲೆ ನಾಲ್ಕು ತಂತಿಗಳು ಸೇರಿಕೊಂಡವು.

ಯಕ್ಷಗಾನದ ವಿಷಯದಲ್ಲಿ ನನ್ನ ಆಯ್ಕೆ ಸೋಲುತ್ತದೆ, ಅದನ್ನು ತಿಳಿದೇ ಆರಿಸಿದ್ದು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಗುಣವಂತೆ ಇಲ್ಲಿಂದ ದೂರವಿಲ್ಲ. ಚಂಡೆಯ ಪೆಟ್ಟು ಎದುರಿಗೆ ಕೂತವನ ಎದೆಗೆ ಹೇಗೆ ತಾಗುತ್ತದೆಂದು ಈ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಆ ಪೆಟ್ಟು 95 ಡೆಸಿಬೆಲ್‌ಗೆ ನಿಲ್ಲುವಂಥದ್ದಲ್ಲ. ಭಾಗವತರ ಪದ, ಮದ್ದಲೆಯ ನುಡಿ ನನ್ನ ಸ್ಪೀಕರಿನಲ್ಲಿ ಸುಂದರವಾಗಿ ಬರುತ್ತವೆ, ಯುದ್ಧದ ಚಂಡೆ ಬಂದಾಗ ಅದು ಸಭ್ಯವಾಗಿ ತಲೆತಗ್ಗಿಸುತ್ತದೆ. ಮನೆಮನೆಯಲ್ಲಿರುವ ಹಳೆಯ ಆಟದ ಕ್ಯಾಸೆಟ್ಟುಗಳಿಗಂತೂ ಉನ್ನತ ದರ್ಜೆಯ ಸ್ಪೀಕರ್ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ. ಟೇಪಿನ ಸುಯ್ಯೆನ್ನುವ ಸದ್ದನ್ನು ಅದು ಅಷ್ಟೇ ಶ್ರದ್ಧೆಯಿಂದ ಕೇಳಿಸುತ್ತದೆ.

ಚಂಡೆಗಾಗಿಯೇ ಕೇಳುವ ಶಿರಸಿಯ ಭಾವ ಹೊರಟಿರುವುದು ತದ್ವಿರುದ್ಧ ದಿಕ್ಕಿಗೆ. ಅವನಿಗೆ ಬೇಕಾದದ್ದು ಪಾಲ್ ಕ್ಲಿಪ್ಶ್ 1946ರ ಸುಮಾರಿಗೆ ಮಾರುಕಟ್ಟೆಗೆ ತಂದ ಕ್ಲಿಪ್ಶ್‌ಹಾರ್ನ್: ಒಂದು ವ್ಯಾಟಿಗೇ ನೂರು ಡೆಸಿಬೆಲ್ ದಾಟುವ, ಕಹಳೆಯ ತತ್ವದ ಬೃಹತ್ ಪೆಟ್ಟಿಗೆ. ಮಂದ್ರ ಸೋರಿಹೋಗುವ ಅವನ ಮನೆಗೆ ಅದು ನನ್ನದಕ್ಕಿಂತ ಒಪ್ಪುವ ಆಯ್ಕೆಯೆಂದು ನಾನೂ ಒಪ್ಪುತ್ತೇನೆ. ತೊಡಕು ಒಂದೇ. ಅದರ ಹಳೆಯ ಮಾದರಿಗಳು ಕೋಣೆಯ ಮೂಲೆಯ ಎರಡು ಗೋಡೆಗಳನ್ನೇ ಕಹಳೆಯ ಬಾಯಿಯಾಗಿ ಬಳಸುತ್ತವೆ, ಆದ್ದರಿಂದ ಎರಡು ಗಟ್ಟಿ ಮೂಲೆಗಳು ಬೇಕೇ ಬೇಕು. ಅವನ ನಡುಮನೆಯ ಒಂದು ಮೂಲೆಯಲ್ಲಿ ಅಡಿಗೆಮನೆಗೆ ಹೋಗುವ ಬಾಗಿಲಿದೆ, ಅದನ್ನು ಮುಚ್ಚಿಸುವ ಮಾತಿಗೆ ಮನೆಯಲ್ಲಿ ಇನ್ನೂ ಯಾರೂ ಒಪ್ಪಿಲ್ಲ.